ಪುತ್ರಸ್ನೇಹವೂ ಪುತ್ರಹಿತವೂ

'ಪುತ್ರ' ಎಂಬ ಶಬ್ದಕ್ಕೆ ನಮ್ಮ ಹಿರಿಯರು ಹೇಳುವ ನಿರ್ವಚನವನ್ನು ವಾಚಕರೆಲ್ಲರೂ ಕೇಳಿಯೇ ಇರುತ್ತೀರಿ. 'ಪುತ್' ಎಂಬ ನರಕವೊಂದುಂಟು, ಅದರಿಂದ ತಂದೆಯನ್ನು ಪಾರುಮಾಡುವವನೇ ಪುತ್ರ ಎಂದು ಮನುಸ್ಮೃತಿ ಮೊದಲಾದ ಗ್ರಂಥಗಳು ಹೇಳುತ್ತವೆ. ಯಾಸ್ಕರ ನಿರುಕ್ತದಲ್ಲಿ ಬೇರೆ ನಿರ್ವಚನಗಳೂ ಇವೆ. ಬಹುವಾಗಿ ಕಾಪಾಡುವವನು ಎಂಬ ಅರ್ಥ ಅಲ್ಲಿ ಮೊದಲು ಬರುತ್ತದೆ, ನರಕದ ಮಾತು ಕೊನೆಗೆ. ಈ ಕಾಪಾಡುವ ಕಾರ್ಯವೆಲ್ಲ ಪರಲೋಕಕ್ಕೆ ಸಂಬಂಧಿಸಿದ್ದೆಂದು ನಾವು ನಿಶ್ಚಿಂತರಾಗಿದ್ದೇವೆ. ಆದರೆ ಹದಿನೈದು ಹದಿನಾರು ವರ್ಷದ ಮಗನಿಂದಲೇ ತಾಯಿಯನ್ನು ಕಾಪಾಡಬೇಕಾದ ಪ್ರಸಂಗ ಇದೇ ಲೋಕದಲ್ಲಿ, ನಮ್ಮದೇ ಮನೆಯ ಹಜಾರದಲ್ಲಿ ಒದಗಿದರೆ ತಂದೆತಾಯಿಗಳ ಧರ್ಮವೇನು? ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತುವವರು ಸಭೆ ಮುಗಿದ ಮೇಲೆ, ಚಪ್ಪಲಿ ಮೆಟ್ಟುವಾಗ, ತಗ್ಗಿದ ದನಿಯಲ್ಲಿ ಎತ್ತುತ್ತಾರೆ.

ಘೋಡಬಂದರ್ ರಸ್ತೆಯೆಂದರೆ ಪೋರ್ಚುಗೀಸರ ಕಾಲದಲ್ಲಿ ಕುದುರೆಗಳು ಬಂದಿಳಿಯುತ್ತಿದ್ದ ಬಂದರಿನ ಹೆಸರನ್ನು ಹೊತ್ತ ದಾರಿ. ಇಂದು ಕಾಪೂರಬಾವಡಿಯಿಂದ ಮಾನಪಾಡಾ, ಪಾಟಲಿಪಾಡಾ, ವಾಘಬೀಳ, ಕಾಸಾರವಡವಲಿ, ಓವಳಾಗಳನ್ನು ದಾಟಿ ಗಾಯಮುಖದವರೆಗೆ ಇಕ್ಕೆಲಗಳಲ್ಲಿ ಇಪ್ಪತ್ತು ಮೂವತ್ತು ಅಂತಸ್ತಿನ ಗೋಪುರಗಳು ಎದ್ದಿವೆ. ನಮ್ಮವರು ಹಿಂದೆ ಡೊಂಬಿವಲಿ, ಕಲ್ಯಾಣಗಳ ಚಾಳುಗಳಲ್ಲಿಯೂ ರೈಲ್ವೆ ಕ್ವಾರ್ಟರ್ಸುಗಳಲ್ಲಿಯೂ ಇದ್ದವರು. ಅಲ್ಲಿ ಒಂದು ಮನೆಯ ಒಗ್ಗರಣೆಯ ಸದ್ದು ಮೂರನೆಯ ಮನೆಗೆ ಕೇಳುತ್ತಿತ್ತು, ಬೈಗುಳವೂ ಕೇಳುತ್ತಿತ್ತು. ಹುಡುಗನೊಬ್ಬ ತಾಯಿಯ ಮೇಲೆ ಕೈಯೆತ್ತಿದರೆ ಪಕ್ಕದ ಮನೆಯ ಅಜ್ಜಿ ಹೊಸ್ತಿಲು ದಾಟಿ ಒಳಗೆ ಬರುವುದಕ್ಕೆ ಅಪ್ಪಣೆ ಬೇಕಿರಲಿಲ್ಲ. ಚಾಳಿನ ಜೀವನವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದರ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದರೆ ಅಲ್ಲಿ ಬಚ್ಚಿಡುವುದು ಅಸಾಧ್ಯವಾಗಿತ್ತು. ಗೋಪುರದ ಹದಿನೆಂಟನೆಯ ಮಹಡಿಯಲ್ಲಿ ಬಾಗಿಲು ಮುಚ್ಚಿ ಹವಾನಿಯಂತ್ರಕ ಹಾಕಿದರೆ ಒಳಗಿನ ಕೂಗು ಯಾರಿಗೂ ಕೇಳದು. ಯಜಮಾನರು ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುತ್ತಾರೆ. ತಾಯಿ ಮತ್ತು ಮಗ, ನಡುವೆ ಒಂದು ಮೊಬೈಲ್ ಫೋನು.

ಇಂಥ ಒಂದು ಮನೆಯ ವೃತ್ತಾಂತವನ್ನು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಮುಂದೆ ಹೇಳುತ್ತೇನೆ. ಮೊದಲು ಇತಿಹಾಸ ಪುರಾಣಗಳನ್ನು ನೋಡೋಣ. ಏಕೆಂದರೆ ಇದು ಈ ಕಾಲದ, ಈ ನಗರದ, ಈ ಮೊಬೈಲಿನ ಸೃಷ್ಟಿ ಎಂಬ ಭ್ರಮೆ ನಮ್ಮಲ್ಲಿ ಬಲವಾಗಿದೆ.

ರಾಮಾಯಣದ ಅಯೋಧ್ಯಾಕಾಂಡದಲ್ಲಿ, ರಾಮನನ್ನು ಕಾಡಿಗೆ ಕಳುಹಿಸುವ ಸಂದರ್ಭದಲ್ಲಿ, ಕೈಕೇಯಿ ಒಂದು ಪೂರ್ವದೃಷ್ಟಾಂತ ಕೊಡುತ್ತಾಳೆ: ನಿಮ್ಮ ವಂಶದ ಸಗರನು ಹಿರಿಯ ಮಗನಾದ ಅಸಮಂಜನನ್ನು ಹೊರಗಟ್ಟಲಿಲ್ಲವೇ? ಆಗ ಸಿದ್ಧಾರ್ಥನೆಂಬ ವೃದ್ಧ ಮಂತ್ರಿ ಅವಳನ್ನು ತಿದ್ದುತ್ತಾನೆ. ಅಸಮಂಜನು ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಹಿಡಿದು ಸರಯೂ ನದಿಗೆ ಎಸೆದು ಸಂತೋಷಪಡುತ್ತಿದ್ದವನು, ರಾಮನು ಏನು ಮಾಡಿದ್ದಾನೆ ಎಂದು ಕೇಳುತ್ತಾನೆ. ಈ ಪ್ರಸಂಗದಲ್ಲಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುವ ವಿವರವೊಂದಿದೆ. ಪ್ರಜೆಗಳು ಸಿಟ್ಟಿನಿಂದ ಸಗರನ ಬಳಿಗೆ ಬಂದು, ಅವನೊಬ್ಬನನ್ನು ಆರಿಸಿಕೋ ಅಥವಾ ನಮ್ಮನ್ನು ಆರಿಸಿಕೋ ಎಂದಾಗ, ರಾಜನು ಅವರನ್ನೇ ಕೇಳುತ್ತಾನೆ, ನಿಮ್ಮ ಭಯಕ್ಕೆ ಕಾರಣವೇನು ಎಂದು. ಅಂದರೆ ಊರಿಗೆಲ್ಲ ಗೊತ್ತಿದ್ದದ್ದು ತಂದೆಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದಂತೆ ಇದ್ದನು. ವಾಲ್ಮೀಕಿಗಳು ಈ ಬಗ್ಗೆ ಏನೂ ಹೇಳದೆ ಪ್ರಶ್ನೆಯನ್ನು ಮಾತ್ರ ರಾಜನ ಬಾಯಲ್ಲಿ ಇಟ್ಟಿದ್ದಾರೆ. ತಿಳಿದ ಕೂಡಲೇ ಸಗರನು ಮಗನನ್ನು ತ್ಯಜಿಸಿದನು.

ಶ್ರೀಮದ್ಭಾಗವತದ ಚತುರ್ಥಸ್ಕಂಧದಲ್ಲಿ ಇನ್ನೊಬ್ಬ ತಂದೆ ಇದ್ದಾನೆ, ಅಂಗರಾಜ. ಅವನ ಮಗ ವೇನನು ಬಾಲ್ಯದಲ್ಲಿಯೇ ಬೇಟೆಗೆ ಹೋಗಿ ಪಾಪದ ಮೃಗಗಳನ್ನು ಕೊಲ್ಲುತ್ತಿದ್ದನು. ಅವನು ಬರುತ್ತಿದ್ದಾನೆಂದರೆ ಜನ ಕೂಗಿಕೊಳ್ಳುತ್ತಿದ್ದರು. ಆಟದಲ್ಲಿ ಜೊತೆಗಾರರನ್ನೇ ಪಶುಗಳನ್ನು ಕೊಲ್ಲುವಂತೆ ಕೊಲ್ಲುತ್ತಿದ್ದನು. ಅಂಗನು ಅನೇಕ ವಿಧದ ಶಿಕ್ಷೆಗಳಿಂದ ತಿದ್ದಲು ಯತ್ನಿಸಿ ಸೋತನು. ಸೋತು, ಇಂಥ ಮಗನೇ ಮೇಲು, ಮನೆಯ ಮೇಲಿನ ಮೋಹ ಬಿಡಿಸುತ್ತಾನೆ ಎಂದು ವೈರಾಗ್ಯ ತಾಳಿ, ನಡುರಾತ್ರಿ ಮಲಗಿದ್ದ ಹೆಂಡತಿಯನ್ನು ಬಿಟ್ಟು ಯಾರಿಗೂ ತಿಳಿಯದಂತೆ ಹೊರಟುಹೋದನು. ಪ್ರವಚನಗಳಲ್ಲಿ ಈ ಭಾಗವನ್ನು ವೈರಾಗ್ಯದ ಉದಾಹರಣೆಯಾಗಿ ಹೇಳುವುದುಂಟು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮುಂದೇನಾಯಿತೆಂದು ಓದಿರಿ. ರಾಜನಿಲ್ಲದ ನಾಡಿನಲ್ಲಿ ಕಳ್ಳರ ಕಾಟವಾಯಿತು, ಮಂತ್ರಿಗಳಿಗೆ ಮನಸ್ಸಿಲ್ಲದಿದ್ದರೂ ಋಷಿಗಳು ಅದೇ ವೇನನನ್ನು ಸಿಂಹಾಸನದ ಮೇಲೆ ಕೂರಿಸಿದರು, ಕೊನೆಗೆ ಆ ಋಷಿಗಳೇ ಅವನನ್ನು ಸಂಹರಿಸಬೇಕಾಯಿತು. ತಂದೆ ಖಾಲಿ ಮಾಡಿದ ಸ್ಥಾನದಲ್ಲಿ ಮಗನು ಕುಳಿತನು. ಆ ರಾತ್ರಿ ಒಬ್ಬಳೇ ಉಳಿದ ಸುನೀಥೆಯ ಬಗ್ಗೆ ನಮ್ಮ ಪ್ರವಚನಕಾರರು ಹೆಚ್ಚು ಮಾತನಾಡುವುದಿಲ್ಲ. ಇಂದಿನ ಅಂಗರಾಜರು ಕಾಡಿಗೆ ಹೋಗುವುದಿಲ್ಲ. ಪುಣೆಗೋ ಗಲ್ಫಿಗೋ ವರ್ಗಾವಣೆ ಕೇಳಿ ಪಡೆಯುತ್ತಾರೆ, ಇಲ್ಲವೇ ಮಗ ಮಲಗುವವರೆಗೆ ಆಫೀಸಿನಲ್ಲಿಯೇ ಇರುತ್ತಾರೆ.

ಧೃತರಾಷ್ಟ್ರನ ಕಥೆಯನ್ನು ವಿಸ್ತರಿಸಬೇಕಾಗಿಲ್ಲ. ಅವನು ವಿದುರನ ಮಾತನ್ನು ಎಷ್ಟೋ ಸಲ ಸರಿಯೆಂದು ಒಪ್ಪಿಕೊಂಡನು. ನೀನು ಹೇಳುವುದು ಸರಿ, ಆದರೆ ನನಗೆ ಮಗನನ್ನು ಬಿಡಲಾಗದು ಎಂದನು. ಸ್ನೇಹ ಮತ್ತು ಹಿತ ಎಂಬ ಎರಡು ಶಬ್ದಗಳು ಬೇರೆಬೇರೆ ಎಂದು ಅವನಿಗೆ ತಿಳಿದಿತ್ತು. ತಿಳಿವಳಿಕೆ ಅವನಲ್ಲಿ ಕಡಿಮೆಯಿರಲಿಲ್ಲ.

ಇಲ್ಲಿ ಒಂದು ಎಚ್ಚರ. ತಂದೆಯ ಮಾತನ್ನು ಮೀರುವುದು ಬೇರೆ, ಕೈಯೆತ್ತುವುದು ಬೇರೆ. ಪ್ರಹ್ಲಾದನಷ್ಟು ತಂದೆಗೆ ಅವಿಧೇಯನಾದ ಬಾಲಕ ನಮ್ಮ ಪುರಾಣಗಳಲ್ಲಿ ಇನ್ನೊಬ್ಬನಿಲ್ಲ, ಆದರೆ ಆ ಮನೆಯಲ್ಲಿ ಹಿಂಸೆಯೆಲ್ಲವೂ ತಂದೆಯದು. ಮಗನು ಎಂಜಿನಿಯರಿಂಗ್ ಬೇಡವೆಂದರೆ, ಸಂಧ್ಯಾವಂದನೆಗೆ ಆಲಸ್ಯ ಮಾಡಿದರೆ, ಕೂದಲು ಬೆಳೆಸಿದರೆ ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರನ್ನು ಕಂಡಿದ್ದೇನೆ. ಈ ಲೇಖನ ಅವರ ಪರವಾಗಿಲ್ಲ.

ಈಗ ಆ ಮನೆಯ ವಿಷಯ. ಉತ್ತರ ಕರ್ನಾಟಕದಿಂದ ಬಂದ ಸದಾಚಾರಿ ಕುಟುಂಬ. ಒಬ್ಬನೇ ಮಗ, ಹತ್ತನೆಯ ತರಗತಿ. ಏಳನೆಯ ತರಗತಿಯವರೆಗೆ ದಾಸರ ಪದಗಳನ್ನು ರಾಗವಾಗಿ ಹಾಡುತ್ತಿದ್ದ ಹುಡುಗ. ಮೊದಲು ಬಾಗಿಲು ಬಡಿಯುವುದು, ತಟ್ಟೆ ಎಸೆಯುವುದು ಆಯಿತು. ಬಳಿಕ ಟಿ.ವಿ. ಒಡೆದನು. ತಂದೆ ಬೆಲ್ಟಿನಿಂದ ಹೊಡೆದರು. ಆರು ತಿಂಗಳಲ್ಲಿ ಮಗ ತಂದೆಗಿಂತ ಎತ್ತರವಾದನು, ಬೆಲ್ಟನ್ನು ಕಸಿದುಕೊಂಡನು. ಒಂದು ಸಂಜೆ ಫೋನನ್ನು ಕಸಿಯಲು ಹೋದ ತಾಯಿಯನ್ನು ತಳ್ಳಿದಾಗ ಅವರ ಮಣಿಕಟ್ಟು ಮುರಿಯಿತು. ಎಲುಬಿನ ವೈದ್ಯರು ಹೇಗೆ ಬಿದ್ದಿರಿ ಎಂದು ಮೂರು ಸಲ ಕೇಳಿದರಂತೆ. ಮೂರು ಸಲವೂ ಆಕೆ ಬಚ್ಚಲಲ್ಲಿ ಜಾರಿದೆ ಎಂದರು. ಏಕಾದಶಿಯ ಭಜನೆಯಲ್ಲಿಯೂ ಅದೇ ಮಾತು. ಕೇಳಿದ ನಾವೆಲ್ಲರೂ ಬಚ್ಚಲಿಗೆ ರಬ್ಬರ್ ಚಾಪೆ ಹಾಕಿಸಲು ಸಲಹೆ ಕೊಟ್ಟೆವು.

ಆಕೆ ಸುಳ್ಳು ಹೇಳಿದರು. ಇದು ದೋಷವೇ? ಈ ವಿಷಯವನ್ನು ನನ್ನೊಂದಿಗೆ ಚರ್ಚಿಸಿದ ಒಬ್ಬ ವಿದ್ವಾಂಸ ಮಿತ್ರರು ಕೂಡಲೇ ಕರ್ಣಪರ್ವದ ಕೌಶಿಕನ ಕಥೆಯನ್ನು ಎತ್ತಿದರು. ಸತ್ಯವ್ರತನಾದ ಕೌಶಿಕನು ಕಳ್ಳರಿಗೆ ಜನರು ಅಡಗಿದ್ದ ಸ್ಥಳವನ್ನು ನಿಜವಾಗಿ ಹೇಳಿ, ಅವರ ಕೊಲೆಗೆ ಕಾರಣನಾಗಿ ನರಕಕ್ಕೆ ಹೋದನು. ಆದುದರಿಂದ ಮಗನನ್ನು ಕಾಪಾಡಲು ತಾಯಿ ಹೇಳಿದ ಸುಳ್ಳು ಧರ್ಮವೇ ಎಂದು ಅವರ ವಾದ. ಈ ದೃಷ್ಟಾಂತ ಇಲ್ಲಿ ಹೊಂದುವುದಿಲ್ಲ. ಕೌಶಿಕನ ಮಾತಿನಿಂದ ಹೊಡೆತ ಬಿದ್ದಿತು. ಈ ತಾಯಿಯ ಮೌನದಿಂದ ಹೊಡೆತ ಮುಂದುವರಿಯಿತು. ಯಾವುದು ಪ್ರಾಣಿಗಳಿಗೆ ಅತ್ಯಂತ ಹಿತವೋ ಅದನ್ನೇ ಸತ್ಯವೆಂದು ಮಹಾಭಾರತ ನಿರೂಪಿಸುವುದಾದರೆ, ಇಲ್ಲಿ ಹಿತ ಯಾರಿಗಾಯಿತೆಂದು ಕೇಳಬೇಕು. ತಾಯಿಗೆ ಆಗಲಿಲ್ಲ. ಮಗನಿಗೂ ಆಗಲಿಲ್ಲ. ತಾನು ಎಲುಬು ಮುರಿದರೂ ಮರುದಿನ ಅದೇ ಉಪ್ಪಿಟ್ಟು ಅದೇ ತಟ್ಟೆಯಲ್ಲಿ ಬರುತ್ತದೆ, ಅಮ್ಮನೇ ತನ್ನ ಪರವಾಗಿ ಕಥೆ ಕಟ್ಟುತ್ತಾಳೆ ಎಂದು ಆ ಹುಡುಗ ಆ ವಾರ ಕಲಿತನು. ಹಾಗಾದರೆ ಹಿತವಾದದ್ದು ಕುಟುಂಬದ ಹೆಸರಿಗೆ. ಮಾತೃಹೃದಯದ ಜೊತೆಗೆ, ಊರಿನಲ್ಲಿ ನೋಡಬೇಕಾಗಿದ್ದ ಒಂದು ಸಂಬಂಧದ ಮಾತೂ ಅದರಲ್ಲಿ ಇತ್ತು. ಅದನ್ನು ಆಕೆಯೇ ಬಳಿಕ ಹೇಳಿದರು.

ಬಚ್ಚಿಡುವುದು ಸಿರಿವಂತರ ಮನೆಯಲ್ಲಿ ಎಷ್ಟು ದೂರ ಹೋಗಬಲ್ಲದೆಂಬುದನ್ನು ಪುಣೆಯ ಪ್ರಕರಣದಲ್ಲಿ ನೋಡಿದೆವು. 2024ರ ಮೇ 19ರಂದು ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗನು ಓಡಿಸುತ್ತಿದ್ದನೆನ್ನಲಾದ ಕಾರು ಡಿಕ್ಕಿಹೊಡೆದು ಇಬ್ಬರು ಯುವ ಎಂಜಿನಿಯರರು ಸತ್ತರು. ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬ ಜಾಮೀನಿನ ಷರತ್ತನ್ನು ದೇಶವೆಲ್ಲ ಹಾಸ್ಯಮಾಡಿತು. ನನ್ನನ್ನು ಕಾಡಿದ್ದು ಅದಲ್ಲ. ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪದ ಮೇಲೆ ಹೆತ್ತವರೂ ವೈದ್ಯರೂ ಬಂಧಿತರಾದರು. ಆರೋಪ ನಿಜವೋ ಅಲ್ಲವೋ ನ್ಯಾಯಾಲಯ ಹೇಳಬೇಕು. ಆದರೆ ಅಂಥ ಆರೋಪವನ್ನು ಕೇಳಿ ನಮ್ಮಲ್ಲಿ ಹಲವರು, ತಂದೆತಾಯಿ ಇನ್ನೇನು ಮಾಡಿಯಾರು ಎಂದರಲ್ಲ, ಆ ಮಾತಿನಲ್ಲಿ ಧೃತರಾಷ್ಟ್ರನು ಇದ್ದಾನೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು, ನಮ್ಮ ಸಿದ್ಧಾಂತಕ್ಕೆ ನೇರವಾಗಿ ಸಂಬಂಧಿಸಿದುದು. ಆ ಮನೆಯ ಹಿರಿಯರೊಬ್ಬರು, ಅವನ ಸ್ವಭಾವವೇ ಹಾಗೆ, ಜೀವಸ್ವರೂಪವನ್ನು ಬದಲಿಸುವವರಾರು ಎಂದು ನಿಟ್ಟುಸಿರು ಬಿಟ್ಟರು. ಜೀವರಿಗೆ ಅನಾದಿಯಾದ ಯೋಗ್ಯತೆಯಿದೆ, ತಾರತಮ್ಯವಿದೆ ಎಂಬುದು ನಮ್ಮ ಮತ. ನಿಜ. ಆದರೆ ಹದಿನೈದು ವರ್ಷದ ಬಾಲಕನ ಯೋಗ್ಯತೆಯನ್ನು ಸೋಫಾದ ಮೇಲೆ ಕುಳಿತು ನಿರ್ಣಯಿಸುವ ಅಧಿಕಾರವನ್ನು ಯಾವ ಗ್ರಂಥವೂ ನಮಗೆ ಕೊಟ್ಟಿಲ್ಲ. ಲಿಂಗದೇಹದ ಭಂಗವಾಗುವವರೆಗೆ ಸ್ವರೂಪವು ಪೂರ್ಣವಾಗಿ ಪ್ರಕಟವಾಗುವುದಿಲ್ಲವೆಂದು ಹೇಳುವವರೂ ನಾವೇ. ಕಾಣುವುದು ತ್ರಿಗುಣಗಳ ಆಟ. ಆ ಗುಣಗಳು ಹೆಚ್ಚು ಕಡಿಮೆಯಾಗುವುದಕ್ಕೆ ಭಾಗವತದ ಏಕಾದಶಸ್ಕಂಧವು ಹತ್ತು ಕಾರಣಗಳನ್ನು ಎಣಿಸುತ್ತದೆ. ಹುಟ್ಟು ಅವುಗಳಲ್ಲಿ ಒಂದು ಮಾತ್ರ. ಕೂಡಿರುವ ಜನ, ಇರುವ ಸ್ಥಳ, ಓದುವ ವಿಷಯ, ಮನಸ್ಸು ನೆಟ್ಟ ವಸ್ತು, ಕುಡಿಯುವ ನೀರು ಕೂಡ ಆ ಪಟ್ಟಿಯಲ್ಲಿವೆ. ಮಹಾಭಾರತತಾತ್ಪರ್ಯನಿರ್ಣಯದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಶ್ರೀಮದಾಚಾರ್ಯರು ಫಲಕ್ಕೆ ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಎಂಬ ಮೂರು ಕಾರಣಗಳನ್ನು ಹೇಳಿದ್ದಾರೆ. ಮೂರೂ ಭಗವದಧೀನವೇ. ಮೊದಲೆರಡು ನಮಗೆ ಕಾಣವು, ಮೂರನೆಯದು ನಾಳೆ ಬೆಳಿಗ್ಗೆ ನಾವು ಮಾಡಬೇಕಾದದ್ದು. ಸ್ವಭಾವವೆಂಬ ಶಬ್ದವನ್ನು ಪ್ರಯತ್ನ ಬಿಡುವುದಕ್ಕೆ ನೆಪವಾಗಿ ಬಳಸುವವರು ಸಿದ್ಧಾಂತವನ್ನು ಅನುಸರಿಸುತ್ತಿಲ್ಲ.

ಅಸಮಂಜನ ಕಥೆಯೇ ಇದಕ್ಕೆ ಸಾಕ್ಷಿ. ಭಾಗವತದ ನವಮಸ್ಕಂಧದಲ್ಲಿ ಅದೇ ಹುಡುಗನು ಬೇರೆಯಾಗಿ ಕಾಣುತ್ತಾನೆ. ಅವನು ಪೂರ್ವಜನ್ಮದಲ್ಲಿ ಯೋಗಿಯಾಗಿದ್ದು ಸಂಗದೋಷದಿಂದ ಜಾರಿದವನು, ಆ ಸ್ಮರಣೆಯಿದ್ದುದರಿಂದ ಜನರ ಸಂಗ ಕಳಚಿಕೊಳ್ಳಲೆಂದೇ ನಿಂದ್ಯವಾದ ಕೆಲಸಗಳನ್ನು ಮಾಡುತ್ತಿದ್ದನು. ತಂದೆ ತ್ಯಜಿಸಿದ ಮೇಲೆ ನೀರಿಗೆ ಎಸೆದಿದ್ದ ಮಕ್ಕಳನ್ನೆಲ್ಲ ಯೋಗಬಲದಿಂದ ಜೀವಂತವಾಗಿ ತೋರಿಸಿ ಹೊರಟುಹೋದನು. ಸಗರನು ಪಶ್ಚಾತ್ತಾಪಪಟ್ಟನು. ನಮ್ಮ ನೆರೆಮನೆಯ ಹುಡುಗ ಯೋಗಭ್ರಷ್ಟನೆಂದು ನಾನು ಹೇಳುತ್ತಿಲ್ಲ. ಒಂದೇ ಕ್ರೌರ್ಯದ ಹಿಂದೆ ಊರಿನವರಿಗೂ ರಾಜನಿಗೂ ಕಾಣದ ಕಾರಣವೊಂದು ಇರಬಹುದೆಂದು ಭಾಗವತವು ಒಪ್ಪುತ್ತದೆ. ಹಾಗೆ ಒಪ್ಪಿಯೂ, ಸಗರನು ಪ್ರಜೆಗಳ ಮಕ್ಕಳನ್ನು ರಕ್ಷಿಸಲು ಮುಂದಾದದ್ದು ತಪ್ಪೆಂದು ಅದು ಹೇಳುವುದಿಲ್ಲ. ಕಾರಣ ಹುಡುಕುವುದೂ ಹೊಡೆತ ನಿಲ್ಲಿಸುವುದೂ ಎರಡು ಕೆಲಸಗಳು. ಒಂದಕ್ಕಾಗಿ ಇನ್ನೊಂದು ಕಾಯಬೇಕಾಗಿಲ್ಲ.

ಕಾರಣ ಹುಡುಕುವ ಕೆಲಸ ವೈದ್ಯರದು. ಹುಡುಗರಲ್ಲಿ ಖಿನ್ನತೆಯು ಅನೇಕ ಸಲ ಅಳುವಾಗಿ ಕಾಣದೆ ಸಿಡುಕಾಗಿ, ಸಿಟ್ಟಾಗಿ ಕಾಣುತ್ತದೆ. ಮಾದಕ ವಸ್ತು ಇರಬಹುದು, ಶಾಲೆಯಲ್ಲಿ ಅವಮಾನವಿರಬಹುದು, ದೊಡ್ಡ ಮನೋರೋಗವೊಂದರ ಆರಂಭವೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯು ಆಟದ ಗೀಳನ್ನೇ ಒಂದು ವ್ಯಾಧಿಯೆಂದು ತನ್ನ ಪಟ್ಟಿಯಲ್ಲಿ ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆದರೆ ಠಾಣೆಯೆಂದರೆ ಮರಾಠಿಗರಿಗೆ 1901ರ ಮನೋರುಗ್ಣಾಲಯ, ಧಾರವಾಡವೆಂದರೆ ನಮ್ಮ ಉತ್ತರ ಕರ್ನಾಟಕದವರಿಗೆ ಅದೇ ನಗೆಮಾತು. ಈ ನಗೆಮಾತುಗಳೇ ನಮ್ಮ ಕಾಲುಗಳನ್ನು ಹಿಡಿದಿವೆ. ಠಾಣೆಯಲ್ಲಿಯೇ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಇದೆ. ಕನ್ನಡದಲ್ಲಿ ಮಾತನಾಡಬೇಕೆನ್ನುವವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯುಂಟು, 14416 ಸಂಖ್ಯೆಗೆ ಕರೆಮಾಡಿದರೆ ಸಾಕು. ಶಾಂತಿಹೋಮ ಮಾಡಿಸಬಾರದೇ ಎಂದು ಕೇಳುವಿರಾದರೆ, ಅವಶ್ಯವಾಗಿ ಮಾಡಿಸಿರಿ. ಚರಕಾಚಾರ್ಯರು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ವಿಧ ಚಿಕಿತ್ಸೆ ಹೇಳಿದ್ದಾರೆ. ಒಂದನ್ನು ಮಾಡಿಸಿ ಉಳಿದೆರಡನ್ನು ಮುಂದಿನ ಚಾತುರ್ಮಾಸ್ಯಕ್ಕೆ ಮುಂದೂಡಲು ಹೇಳಿಲ್ಲ.

ಇನ್ನು ಹೊಡೆಯುವ ವಿಷಯ. ಐದರವರೆಗೆ ಮುದ್ದು, ಆಮೇಲೆ ಹತ್ತು ವರ್ಷ ದಂಡನೆ, ಹದಿನಾರರಲ್ಲಿ ಸ್ನೇಹಿತ ಎಂಬ ಸುಭಾಷಿತವನ್ನು ಬೆಲ್ಟ್ ಹಿಡಿದ ತಂದೆಗಳೆಲ್ಲ ಬಲ್ಲರು. ಗೌತಮಧರ್ಮಸೂತ್ರವು ಶಿಷ್ಯನನ್ನು ಹೊಡೆಯದೆಯೇ ಶಿಕ್ಷಿಸಬೇಕೆಂದು ಮೊದಲು ಹೇಳಿ, ಆಗದಿದ್ದರೆ ತೆಳುವಾದ ಹಗ್ಗ ಅಥವಾ ಬಿದಿರಿನ ಸೀಳಿಗೆ ಸೀಮಿತಗೊಳಿಸುತ್ತದೆ, ಅದಕ್ಕೆ ಮೀರಿ ಹೊಡೆದವನನ್ನು ರಾಜನು ದಂಡಿಸಬೇಕೆನ್ನುತ್ತದೆ. ಮನುವು ತಲೆಯ ಮೇಲೆ ಹೊಡೆದವನಿಗೆ ಕಳ್ಳನ ದೋಷ ಹೇಳುತ್ತಾನೆ. ಈ ಭಾಗಗಳನ್ನು ಬಲ್ಲವರು ವಿರಳ. 2015ರ ಬಾಲ ನ್ಯಾಯ ಕಾಯಿದೆಯ 75ನೆಯ ಕಲಮಿನ ಪ್ರಕಾರ ಮಗುವಿನ ಮೇಲಿನ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಸೆರೆಯುಂಟು.

ಅದೇ ಕಾಯಿದೆಯ ಹಿಂದಿನ ಕಥೆಯಲ್ಲಿ ನಮ್ಮ ಪ್ರಶ್ನೆಯೇ ಅಡಗಿದೆ. ಮುಂಬಯಿಯಲ್ಲಿ ಹಟಮಾರಿ ಹುಡುಗರಿಗೆ 'ಡೋಂಗ್ರಿಗೆ ಕಳುಹಿಸುತ್ತೇನೆ' ಎಂದು ಹೆದರಿಸುವ ವಾಡಿಕೆಯಿತ್ತು. 1882ರಲ್ಲಿ ತಿಲಕರೂ ಅಗರಕರರೂ 101 ದಿನ ಸೆರೆಯಿದ್ದ ಹಳೆಯ ಡೋಂಗ್ರಿ ಜೈಲು ಮುಂದೆ ಬಾಲಕರ ನಿರೀಕ್ಷಣಾಲಯವಾಯಿತು. 1986ರ ಬಾಲ ನ್ಯಾಯ ಕಾಯಿದೆಯಲ್ಲಿ 'ಹತೋಟಿ ಮೀರಿದ ಬಾಲಕ' ಎಂಬ ಒಂದು ಕಲಮೇ ಇತ್ತು, 17ನೆಯದು. ಮಗ ಕೈಮೀರಿದ್ದಾನೆಂದು ತಂದೆ ದೂರಿತ್ತರೆ ಮಂಡಲಿಯು ವಿಚಾರಿಸಿ ಅವನನ್ನು ನಿರೀಕ್ಷಣಾಲಯಕ್ಕೆ ಕಳುಹಿಸಬಹುದಾಗಿತ್ತು. 2000ದ ಕಾಯಿದೆಯಲ್ಲಿ ಆ ಶಬ್ದ ಹೋಯಿತು. ಅದರ ಬದಲು ಮಗುವನ್ನು ಹತೋಟಿಯಲ್ಲಿಡಲು ಅಸಮರ್ಥರಾದ ಪಾಲಕರ ಮಾತು ಬಂದಿತು, 2015ರ ಕಾಯಿದೆಯಲ್ಲಿಯೂ ಪಾಲಕರ ಅಸಾಮರ್ಥ್ಯವೇ ಉಳಿಯಿತು. ಮೊದಲು ದೋಷ ಮಗನ ಹೆಸರಿನಲ್ಲಿತ್ತು, ಈಗ ತಂದೆಯ ಹೆಸರಿಗೆ ಬಂದಿದೆ. ನನಗೆ ಎರಡೂ ಅಪೂರ್ಣವೆನಿಸುತ್ತವೆ. ಆದರೂ ಎರಡನೆಯದರಲ್ಲಿ ಒಂದು ಉಪಕಾರವಿದೆ: ಅಸಮರ್ಥನೆನ್ನುವುದು ಪಾಪಿಯೆನ್ನುವುದಲ್ಲ. ಅಸಮರ್ಥನು ಸಹಾಯ ಕೇಳಬಹುದು.

ಪೊಲೀಸರನ್ನು ಕರೆದರೆ ಹುಡುಗನ ಬಾಳು ಹಾಳಾಗುವುದೆಂಬ ಭಯದ ಬಗ್ಗೆಯೂ ಎರಡು ಮಾತು. ಹದಿನೆಂಟರ ಒಳಗಿನವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 2016ರ ನಿಯಮಗಳಂತೆ ಘೋರ ಅಪರಾಧಗಳಲ್ಲಿ, ಅಥವಾ ವಯಸ್ಕರೊಡನೆ ಕೂಡಿ ಮಾಡಿದ ಕೃತ್ಯಗಳಲ್ಲಿ ಹೊರತು ಎಫ್.ಐ.ಆರ್. ದಾಖಲಿಸದೆ ಠಾಣೆಯ ದಿನಚರಿಯಲ್ಲಿ ಬರೆದು ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿ ಮಾಡುತ್ತಾರೆ. ಹೆಸರನ್ನು ಪ್ರಕಟಿಸುವುದು ಅಪರಾಧ. ಮುಂದೆ ನೌಕರಿಗೆ ಅದು ಅನರ್ಹತೆಯಾಗಬಾರದೆಂದು 24ನೆಯ ಕಲಮು ಹೇಳುತ್ತದೆ, ಹದಿನಾರು ದಾಟಿ ಘೋರ ಅಪರಾಧಕ್ಕಾಗಿ ವಯಸ್ಕನಂತೆ ವಿಚಾರಣೆಗೊಳಗಾದವನಿಗೆ ಮಾತ್ರ ಆ ರಕ್ಷಣೆಯಿಲ್ಲ. ಮಣಿಕಟ್ಟು ಮುರಿದ ದಿನ ಕರೆದರೆ ಸಿಗುವ ಅನುಕೂಲವು, ತಲೆ ಒಡೆದ ದಿನ ಕರೆದರೆ ಸಿಗಲಾರದು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ರೈಲ್ವೆಯಲ್ಲಿ ಇದ್ದವನು, ಆ ಭಾಷೆಯೇ ನಾಲಿಗೆಗೆ ಬರುತ್ತದೆ. ಭೋರ್ ಘಾಟಿಯಲ್ಲಿಯೂ ಥಳ್ ಘಾಟಿಯಲ್ಲಿಯೂ ಮೂವತ್ತೇಳಕ್ಕೆ ಒಂದರಂತೆ ಇಳಿಜಾರು. ಅಲ್ಲಿ ಕ್ಯಾಚ್ ಸೈಡಿಂಗ್ ಎಂಬ ಕವಲು ಹಳಿಗಳಿವೆ. ಇಳಿಯುವ ಗಾಡಿ ಹತೋಟಿ ತಪ್ಪಿದರೆ ಆ ಕವಲಿಗೆ ತಿರುಗಿ, ಏರಿನಲ್ಲಿ ವೇಗ ಕಳೆದುಕೊಂಡು ನಿಲ್ಲುತ್ತದೆ. ವಿಶೇಷವೇನೆಂದರೆ ಪಾಯಿಂಟು ಸಾಮಾನ್ಯವಾಗಿ ಕವಲಿನ ಕಡೆಗೇ ಇರುತ್ತದೆ. ಗಾಡಿ ಮೊದಲು ನಿಂತು ತಾನು ಹತೋಟಿಯಲ್ಲಿದ್ದೇನೆಂದು ತೋರಿಸಿದ ಮೇಲೆಯೇ ಮುಖ್ಯ ಹಳಿ ಸಿಗುತ್ತದೆ. ಗಾಡಿ ಓಡಿಹೋದ ಮೇಲೆ ಕವಲು ಕಟ್ಟುವುದಿಲ್ಲ. ಇನ್ನೊಂದು: ಅಪಘಾತವಾದರೆ ವಿಚಾರಣೆ ನಡೆಸುವ ರೈಲ್ವೆ ಸುರಕ್ಷಾ ಆಯುಕ್ತರು ರೈಲ್ವೆ ಮಂತ್ರಾಲಯಕ್ಕೆ ಸೇರಿದವರಲ್ಲ, ನಾಗರಿಕ ವಿಮಾನಯಾನ ಮಂತ್ರಾಲಯದವರು. 1941ರಲ್ಲಿಯೇ ಆ ಇಲಾಖೆಯನ್ನು ರೈಲ್ವೆ ಬೋರ್ಡಿನಿಂದ ಬೇರ್ಪಡಿಸಿದರು. ತನ್ನ ಮನೆಯ ಅಪಘಾತಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂದು ಒಂದು ಇಲಾಖೆಗೆ ತಿಳಿದದ್ದು ಗೃಹಸ್ಥನಿಗೂ ತಿಳಿಯಬೇಕು.

ಆ ಮನೆಯಲ್ಲಿ ಹೊರಗಿನವರಾಗಿ ಬಂದವರು ಹುಡುಗನ ಸೋದರತ್ತೆ. ಡೊಂಬಿವಲಿಯಿಂದ ನಾಲ್ಕು ದಿನಕ್ಕೆಂದು ಬಂದವರು ಎರಡನೆಯ ರಾತ್ರಿ ಎಲ್ಲವನ್ನೂ ಕಂಡರು, ನಾನು ನೋಡಿದೆ, ಇನ್ನು ನೋಡಿಲ್ಲವೆಂದು ಹೇಳಲಾರೆ ಎಂದರು. ಆಪ್ತಸಲಹೆಗಾರರ ಬಳಿಗೆ ಹುಡುಗ ಬರಲು ಒಪ್ಪಲಿಲ್ಲ. ಮೊದಲು ತಂದೆತಾಯಿಗಳೇ ಹೋದರು. ಅಲ್ಲಿ ಹೇಳಿಕೊಟ್ಟ ಕ್ರಮ ಕೇಳಿ ನನಗೆ ಆಶ್ಚರ್ಯವಾಯಿತು. ಟೆಲ್ ಅವೀವ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಹೈಮ್ ಓಮರ್ ಎಂಬವರು ಹಿಂಸೆಗಿಳಿದ ಮಕ್ಕಳ ಪಾಲಕರಿಗಾಗಿ ರೂಪಿಸಿ 2004ರಲ್ಲಿ ಪುಸ್ತಕವಾಗಿ ಬರೆದ ಆ ಕ್ರಮದ ಮೂಲ ಗಾಂಧೀಜಿಯವರ ಸತ್ಯಾಗ್ರಹ. ಪಾಲಕರು ಹೊಡೆಯಬಾರದು, ಬೈಯಬಾರದು, ಮಣಿಯಲೂಬಾರದು. ಕೆರಳಿದ ಗಳಿಗೆಯಲ್ಲಿ ಏನನ್ನೂ ನಿರ್ಣಯಿಸದೆ, ಎಲ್ಲರೂ ತಣ್ಣಗಿರುವಾಗ ಮಗನ ಕೋಣೆಗೆ ಹೋಗಿ ಕುಳಿತು, ಈ ಮನೆಯಲ್ಲಿ ಇನ್ನು ಹೊಡೆತ ನಡೆಯದು, ನಡೆದರೆ ನಾವು ಮುಚ್ಚಿಡುವುದಿಲ್ಲ ಎಂದು ತಿಳಿಸಬೇಕು. ಐದಾರು ಜನ ನಂಬಿಕಸ್ತರಿಗೆ ನಿಜ ಹೇಳಬೇಕು. ಅವರು ಹುಡುಗನಿಗೆ, ನಮಗೆ ಗೊತ್ತಾಗಿದೆ, ನಿನ್ನ ಮೇಲೆ ನಮಗೆ ಪ್ರೀತಿಯಿದೆ, ಇದು ಸಲ್ಲದು ಎಂದು ಹೇಳಬೇಕು. ಪ್ರೀತಿಯ ಸಣ್ಣ ಕಾರ್ಯಗಳನ್ನು, ಅವನು ಒಳ್ಳೆಯವನಾಗಲೆಂದು ಕಾಯದೆ, ಮಾಡುತ್ತಲೇ ಇರಬೇಕು. (ಗಾಂಧೀಜಿಯವರ ಹಿರಿಯ ಮಗ ಹರಿಲಾಲರು ತಂದೆಯಿಂದ ದೂರಾಗಿ, 1948ರಲ್ಲಿ, ತಂದೆ ತೀರಿದ ಕೆಲವೇ ತಿಂಗಳಲ್ಲಿ ಇದೇ ಮುಂಬಯಿಯಲ್ಲಿ ಕ್ಷಯದಿಂದ ಸತ್ತರು. ಅಸ್ತ್ರವನ್ನು ಕೊಟ್ಟವರ ಮನೆಯಲ್ಲಿಯೇ ಅದು ಫಲಿಸಲಿಲ್ಲ.)

ಐವರಿಗೆ ನಿಜ ಹೇಳುವುದೇ ಆ ದಂಪತಿಗಳಿಗೆ ಕಠಿಣವಾಯಿತು. ಮೂವರನ್ನು ಮಾತ್ರ ಆರಿಸಿದರು: ಅತ್ತೆ, ಮೇಲಿನ ಮಹಡಿಯ ಮಲಯಾಳಿ ನಿವೃತ್ತ ನೌಕಾಧಿಕಾರಿ, ಗಣಿತದ ಶಿಕ್ಷಕರು. ನಮ್ಮ ಭಜನಾಮಂಡಳಿಯಿಂದ ಯಾರನ್ನೂ ಆರಿಸಲಿಲ್ಲ. ಇದನ್ನು ಇಲ್ಲಿ ಬರೆಯುವುದು ಅವಶ್ಯಕವೆಂದು ತೋರಿತು. ಹತ್ತನೆಯ ತರಗತಿಯ ಅಂಕಗಳನ್ನು ಪ್ರಸಾದದ ಪಂಕ್ತಿಯಲ್ಲಿ ವಿಚಾರಿಸುವ ನಮ್ಮಲ್ಲಿ ಅವರಿಗೆ ನಂಬಿಕೆ ಬರಲಿಲ್ಲ.

ಮೂರನೆಯ ತಿಂಗಳಲ್ಲಿ ಹುಡುಗ ಶಿಕ್ಷಕರಿಗೆ ಒಂದು ವಿಷಯ ಹೇಳಿದನು. ಎರಡು ವರ್ಷದಿಂದ ಶಾಲೆಯ ಬಸ್ಸಿನಲ್ಲಿ ಹಿರಿಯ ಹುಡುಗರು ಅವನ ಜನಿವಾರ ಎಳೆದು, ಉಚ್ಚಾರಣೆ ಅಣಕಿಸಿ, ಹೊಡೆದು, ಅದನ್ನು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದರು. ಮನೆಯಲ್ಲಿ ಹೇಳಲಿಲ್ಲವೇಕೆ ಎಂದರೆ, ಮನೆಯಲ್ಲಿ ಯಾರೂ ಏನನ್ನೂ ಹೇಳುವುದಿಲ್ಲವಲ್ಲ ಎಂದನಂತೆ. ಆ ಬಳಿಕವೂ ಎರಡು ಸಲ ಕೈಯೆತ್ತಿದ್ದಾನೆ. ಎರಡನೆಯ ಸಲ ತಾಯಿ ಮೇಲಿನ ಮಹಡಿಗೆ ಹೋಗಿ ರಾತ್ರಿ ಅಲ್ಲಿಯೇ ಉಳಿದರು, ಬೆಳಿಗ್ಗೆ ಮೂವರೊಡನೆ ಕೆಳಗಿಳಿದರು. ಈಗ ಎಂಟು ತಿಂಗಳಿಂದ ಶಾಂತವಾಗಿದೆ. ವೈದ್ಯರ ಔಷಧಿ ನಡೆಯುತ್ತಿದೆ. ತಂದೆ ಬೇಗ ಮನೆಗೆ ಬರುತ್ತಾರೆ.

ಎಲ್ಲ ಮನೆಗಳಲ್ಲಿಯೂ ಹೀಗಾಗುವುದಿಲ್ಲ. ಹದಿನೆಂಟು ತುಂಬಿದ ಮೇಲೂ ಹಿಂಸೆ ನಿಲ್ಲದ ಮನೆಗಳಿವೆ. ಅಲ್ಲಿ ಮಗನನ್ನು ಬೇರೆ ಇರಿಸುವುದು ತಾಯಿಯ ಪ್ರಾಣಕ್ಕಾಗಿ ಅನಿವಾರ್ಯವಾಗಬಹುದು. ಅದು ಅಧರ್ಮವೆಂದು ಹೇಳಲು ನನಗೆ ಸಗರನ ಕಥೆ ಎಡೆಕೊಡುವುದಿಲ್ಲ. ಆದರೆ ಆ ಕಥೆಯನ್ನು ಹೇಳುವವರು ಎರಡು ವಿವರಗಳನ್ನು ಬಿಡುತ್ತಾರೆ. ಸಿದ್ಧಾರ್ಥನು ವರ್ಣಿಸುವಂತೆ ಸಗರನು ಮಗನನ್ನು ಬರಿಗೈಯಲ್ಲಿ ಬೀದಿಗೆ ತಳ್ಳಲಿಲ್ಲ. ಗಾಡಿಯೇರಿಸಿ, ಹೆಂಡತಿಯ ಜೊತೆಗೆ, ಮನೆಯ ಸಾಮಾನುಗಳನ್ನೆಲ್ಲ ಇಟ್ಟು ಕಳುಹಿಸಿದನು. ಅಸಮಂಜನ ಮಗ ಅಂಶುಮಂತನನ್ನು ತನ್ನ ಬಳಿಯಲ್ಲಿಯೇ ಬೆಳೆಸಿದನು. ಯಜ್ಞದ ಕುದುರೆ ಕಳೆದುಹೋದಾಗ ಹುಡುಕಿ ತಂದವನು ಆ ಮೊಮ್ಮಗನೇ, ಅವನ ಮೊಮ್ಮಗ ಭಗೀರಥ.